ಮಕ್ಕಳ ಪ್ರಕರಣ ನಡೆಸುವ ವಕೀಲರ ವೃತ್ತಿಧರ್ಮ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮಗುವೊಂದು ವಕೀಲರ ಎದುರು ಬಂದು ಕೂರುವ ಸಂದರ್ಭಗಳು ಹಲವು. ಅಪರಾಧದ ಆರೋಪ ಹೊತ್ತ ಮಕ್ಕಳ ವಿಚಾರಣೆ ನಡೆಸುವ ಬಾಲನ್ಯಾಯ ಮಂಡಳಿ, ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ನೋಡಿಕೊಳ್ಳುವ ಮಕ್ಕಳ ಕಲ್ಯಾಣ ಸಮಿತಿ, ಪೋಕ್ಸೋ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) ವಿಶೇಷ ನ್ಯಾಯಾಲಯ, ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕುಟುಂಬ ನ್ಯಾಯಾಲಯ, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ, ಹೀಗೆ ಒಂದೊಂದು ಕಡೆಯೂ ಕಾಯ್ದೆ ಬೇರೆ, ಕಲಾಪದ ರೀತಿ ಬೇರೆ. ಈ ಕೆಲಸಕ್ಕೆ ಹೊಸದಾಗಿ ಬರುವ ವಕೀಲರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಮಕ್ಕಳ ಪ್ರಕರಣಗಳಿಗೆಂದೇ ವಕೀಲರಿಗೆ ಪ್ರತ್ಯೇಕ ನೀತಿಸಂಹಿತೆ ಇದೆಯೇ?

ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಆರನೇ ಭಾಗದ ಎರಡನೇ ಅಧ್ಯಾಯ ನ್ಯಾಯಾಲಯ, ಕಕ್ಷಿದಾರ, ಎದುರು ಪಕ್ಷ ಮತ್ತು ಸಹವೃತ್ತಿಯವರ ಬಗೆಗಿನ ಕರ್ತವ್ಯಗಳನ್ನು ಹೇಳುತ್ತದೆ. ಆದರೆ ಕಕ್ಷಿದಾರ ಏಳು ವರ್ಷದ ಮಗುವಾಗಿದ್ದರೆ ಏನು ಮಾಡಬೇಕೆಂದು ಅದು ಬಿಡಿಸಿ ಹೇಳುವುದಿಲ್ಲ. ಆದ್ದರಿಂದ ವಕೀಲರು ಆ ನಿಯಮಗಳನ್ನು 2015ರ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 3ರಲ್ಲಿರುವ ತತ್ತ್ವಗಳ ಜೊತೆಗೆ, 2012ರ ಪೋಕ್ಸೋ ಕಾಯ್ದೆಯ ಕಲಾಪ ಸಂಬಂಧಿ ವಿಧಿಗಳ ಜೊತೆಗೆ ಮತ್ತು ಭಾರತವು 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಜೊತೆಗೆ ಸೇರಿಸಿ ಓದಿಕೊಳ್ಳಬೇಕಾಗುತ್ತದೆ. ಒಡಂಬಡಿಕೆಯ 3ನೇ ವಿಧಿ ಮಗುವಿನ ಸರ್ವೋತ್ತಮ ಹಿತವನ್ನೂ 12ನೇ ವಿಧಿ ಮಗುವಿನ ಮಾತಿಗೆ ಸಲ್ಲಬೇಕಾದ ಮನ್ನಣೆಯನ್ನೂ ಹೇಳುತ್ತವೆ. ವೃತ್ತಿಯಲ್ಲಿ ಎದುರಾಗುವ ತೊಡಕುಗಳಲ್ಲಿ ಹೆಚ್ಚಿನವು ಇವೆರಡರ ನಡುವೆಯೇ ಹುಟ್ಟುತ್ತವೆ.

ಶುಲ್ಕ ಕೊಡುವುದು ತಂದೆ, ವಕಾಲತ್ತಿಗೆ ಸಹಿ ಹಾಕುವುದು ತಾಯಿ. ಹಾಗಿರುವಾಗ ನನ್ನ ಕಕ್ಷಿದಾರ ಯಾರು?

ಮಗುವಿನ ಪರವಾಗಿ ಹಾಜರಾಗುತ್ತಿದ್ದರೆ ನಿಮ್ಮ ಕಕ್ಷಿದಾರ ಮಗುವೇ. ಪ್ರಶ್ನೆ ಸರಳವಾಗಿ ಕಂಡರೂ ಮುಂದಿನ ಹತ್ತು ಪ್ರಶ್ನೆಗಳಿಗೆ ಉತ್ತರ ಇದನ್ನೇ ಅವಲಂಬಿಸಿದೆ. ಕಾನೂನಿನ ದೃಷ್ಟಿಯಲ್ಲಿ ಅಪ್ರಾಪ್ತರು ಒಪ್ಪಂದ ಮಾಡಿಕೊಳ್ಳಲಾರರು. ಸಿವಿಲ್ ದಾವೆಯನ್ನು ಅವರ ಪರವಾಗಿ ನೆಕ್ಸ್ಟ್ ಫ್ರೆಂಡ್ (ಮಗುವಿನ ಪರವಾಗಿ ದಾವೆ ನಡೆಸುವ ವಯಸ್ಕರು) ಒಬ್ಬರು ಹೂಡಬೇಕಾಗುತ್ತದೆ. ಆದರೆ ಮಗುವಿನ ಕೈಯಾಗಿ ಸಹಿ ಹಾಕಿದವರು ಮಗುವಿನ ಜಾಗದಲ್ಲಿ ಕಕ್ಷಿದಾರರಾಗಿ ಬಿಡುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 32ನೇ ಆದೇಶದ 7ನೇ ನಿಯಮವೂ ಇದೇ ಎಚ್ಚರಿಕೆಯಿಂದ, ಅಪ್ರಾಪ್ತರ ಪರವಾಗಿ ಯಾವುದೇ ರಾಜಿ ಮಾಡಿಕೊಳ್ಳುವ ಮುನ್ನ ನ್ಯಾಯಾಲಯದ ಅನುಮತಿ ಪಡೆಯಬೇಕೆಂದು ಹೇಳುತ್ತದೆ. ಮಗುವಿನ ಹೆಸರಿನಲ್ಲಿ ಮಾತನಾಡುವ ದೊಡ್ಡವರ ಹಿತ ಕೆಲವೊಮ್ಮೆ ಬೇರೆಯೇ ಇರುತ್ತದೆ ಎಂಬುದು ಸಂಹಿತೆ ರಚಿಸಿದವರಿಗೂ ಗೊತ್ತಿತ್ತು.

ಹಿತಗಳು ಎಲ್ಲಿ ಬೇರೆಯಾಗುತ್ತವೆ ಎಂಬುದನ್ನು ಮೊದಲ ದಿನವೇ ಗಮನಿಸಬೇಕು. ದೌರ್ಜನ್ಯ ಎಸಗಿದವನು ಮನೆಯವನೇ ಆಗಿದ್ದರೆ, ಅವನ ಸಂಬಳದಿಂದಲೇ ಬಾಡಿಗೆ ಕಟ್ಟುವ ತಾಯಿ ಮಗುವಿನ ಪರವಾಗಿ ಸೂಚನೆ ಕೊಡುವಾಗ ಅವಳ ಮೇಲಿರುವ ಒತ್ತಡ ಎಷ್ಟೆಂದು ಯೋಚಿಸಿ. ಅವಳನ್ನು ಕೆಟ್ಟವಳೆಂದು ತೀರ್ಮಾನಿಸಬೇಕಾಗಿಲ್ಲ. ಅವಳ ಸೂಚನೆಯೇ ಮಗುವಿನ ಸೂಚನೆ ಎಂದು ಭಾವಿಸದಿದ್ದರೆ ಸಾಕು. ಹಾಗೆಯೇ ಒಂದೇ ಕಳವಿನ ಪ್ರಕರಣದಲ್ಲಿ ಸಿಕ್ಕಿಬಿದ್ದ ಅಣ್ಣ ಮತ್ತು ತಮ್ಮ ಇಬ್ಬರಿಗೂ ಒಬ್ಬರೇ ವಕೀಲರನ್ನು ನೇಮಿಸಲು ಕುಟುಂಬ ಬಯಸುವುದು ಸಹಜ. ಅಣ್ಣ ವಯಸ್ಕನಾಗಿದ್ದು, ತಪ್ಪನ್ನೆಲ್ಲ ತಮ್ಮನ ಮೇಲೆ ಹಾಕಿದರೆ ಶಿಕ್ಷೆ ಕಡಿಮೆಯಾದೀತೆಂಬ ಲೆಕ್ಕ ಮನೆಯೊಳಗೆ ನಡೆದಿದ್ದರೆ, ಇಬ್ಬರ ಪರವಾಗಿಯೂ ನಿಲ್ಲುವುದು ಸಾಧ್ಯವಿಲ್ಲ. ಕಕ್ಷಿದಾರ ಅಥವಾ ಅವರ ಅಧಿಕೃತ ಪ್ರತಿನಿಧಿಯನ್ನು ಬಿಟ್ಟು ಬೇರೆಯವರ ಸೂಚನೆಯ ಮೇರೆಗೆ ನಡೆಯಬಾರದೆಂದು ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಈ ಮಾತನ್ನು ಶುಲ್ಕ ಕೊಡುವವರಿಗೆ ಮೊದಲ ಭೇಟಿಯಲ್ಲೇ, ಸಾಧ್ಯವಾದರೆ ಬರಹದಲ್ಲಿ, ತಿಳಿಸಿಬಿಡುವುದು ಒಳ್ಳೆಯದು. ಆಮೇಲೆ ಹೇಳಿದರೆ ಅದು ಜಗಳವಾಗುತ್ತದೆ.

ಮಗು ಕೇಳುವುದು ಒಂದು, ಮಗುವಿಗೆ ಒಳ್ಳೆಯದೆಂದು ನನಗೆ ತೋರುವುದು ಇನ್ನೊಂದು. ಯಾವುದನ್ನು ವಾದಿಸಬೇಕು?

ಮಗುವಿನ ಸರ್ವೋತ್ತಮ ಹಿತ ಯಾವುದೆಂದು ತೀರ್ಮಾನಿಸುವ ಹೊಣೆ ಮಂಡಳಿಯದು, ಸಮಿತಿಯದು ಅಥವಾ ನ್ಯಾಯಾಲಯದ್ದು. ಆ ತೀರ್ಮಾನಕ್ಕೆ ಬರಲು ಅವರಿಗೆ ಪರಿವೀಕ್ಷಣಾಧಿಕಾರಿಯ ಸಾಮಾಜಿಕ ತನಿಖಾ ವರದಿ ಇರುತ್ತದೆ, ಆಪ್ತಸಮಾಲೋಚಕರ ಅಭಿಪ್ರಾಯ ಇರುತ್ತದೆ. ಮಗು ಏನು ಬಯಸುತ್ತದೆ ಎಂಬುದನ್ನು ಕಾನೂನಿನ ಭಾಷೆಯಲ್ಲಿ ಹೇಳಲು ಇರುವವರು ವಕೀಲರೊಬ್ಬರೇ. ಅವರೂ ಹಿತಚಿಂತಕರ ಸಾಲಿಗೆ ಸೇರಿಕೊಂಡರೆ ಆ ಕೋಣೆಯಲ್ಲಿ ಮಗುವಿನ ಮಾತು ಹೇಳುವವರೇ ಇಲ್ಲದಂತಾಗುತ್ತದೆ.

ಮನೆಗೆ ಮರಳಲು ಒಪ್ಪದ ಹದಿನೇಳರ ಹುಡುಗಿಯ ಉದಾಹರಣೆ ತೆಗೆದುಕೊಳ್ಳಿ. ಅವಳು ತಂದೆತಾಯಿಯ ಜೊತೆ ಹೋಗುವುದೇ ಲೇಸೆಂದು ನಿಮಗೆ ಅನ್ನಿಸಬಹುದು. ಅದನ್ನು ಅವಳಿಗೆ, ಕಾರಣಗಳ ಸಮೇತ, ಒತ್ತಾಯವಿಲ್ಲದೆ ಹೇಳಿ. ಅವಳು ಕೇಳಿಸಿಕೊಂಡೂ ಒಪ್ಪದಿದ್ದರೆ ಸಮಿತಿಯ ಮುಂದೆ ಅವಳ ನಿಲುವನ್ನೇ ಮಂಡಿಸಬೇಕು. ಐದು ವರ್ಷದ ಮಗುವಿನ ವಿಷಯ ಹಾಗಲ್ಲ: ಅಲ್ಲಿ ಬಯಕೆಯನ್ನು ತಿಳಿಸಿ, ಅದರ ಹಿಂದಿನ ಸಂದರ್ಭವನ್ನೂ ಮುಂದಿಟ್ಟು, ನಿರ್ಧಾರವನ್ನು ಪೀಠಕ್ಕೆ ಬಿಡುವುದು ಸರಿಯಾದ ದಾರಿ. ಇವೆರಡರ ನಡುವೆ ಗೆರೆ ಎಳೆಯಲು ವಯಸ್ಸೊಂದೇ ಸಾಲದು. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯ ಸೆಕ್ಷನ್ 17 ಕೂಡ ವಯಸ್ಸಿನ ಅಂಕಿಯನ್ನು ಹೇಳದೆ, ವಿವೇಚನೆಯಿಂದ ಆಯ್ಕೆ ಮಾಡುವಷ್ಟು ಬೆಳೆದ ಅಪ್ರಾಪ್ತರ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದೆಂದು ಹೇಳುತ್ತದೆ.

ಇದಕ್ಕಿಂತ ಕಠಿಣವಾದ ಸಂದರ್ಭವೊಂದು ಬಾಲನ್ಯಾಯ ಮಂಡಳಿಯಲ್ಲಿ ಎದುರಾಗುತ್ತದೆ. ಮಾಡದ ತಪ್ಪನ್ನಾದರೂ ಒಪ್ಪಿಕೊಂಡು ಬೇಗ ಮನೆಗೆ ಹೋಗಬೇಕೆನ್ನುವ ಹುಡುಗರು ಇದ್ದಾರೆ. ವಿಚಾರಣೆಯ ಅವಧಿಯಲ್ಲಿ ಮಕ್ಕಳನ್ನು ಇರಿಸುವ ವೀಕ್ಷಣಾಲಯದಲ್ಲಿ ಕಳೆಯುವ ಒಂದೊಂದು ರಾತ್ರಿಯೂ ಅವರಿಗೆ ದೊಡ್ಡದು. ಅವರ ತಾಯಂದಿರಿಗೆ ಕೂಲಿ ಬಿಟ್ಟು ಬರುವ ಒಂದೊಂದು ವಾಯಿದೆಯೂ ದೊಡ್ಡದು. ಇಂಥ ಕಡೆ ವಕೀಲರು 'ಅವನೇ ಒಪ್ಪಿಕೊಂಡನಲ್ಲ' ಎಂದು ಕೈತೊಳೆದುಕೊಳ್ಳುವಂತಿಲ್ಲ. ಮಗು ನಿರ್ದೋಷಿ ಎಂಬ ಪೂರ್ವಭಾವನೆ ಸೆಕ್ಷನ್ 3ರ ಮೊದಲ ತತ್ತ್ವ. ಮಗು ತನ್ನ ಹಕ್ಕುಗಳನ್ನು ಬಿಟ್ಟುಕೊಟ್ಟಿತೆಂದು ಭಾವಿಸಬಾರದೆಂಬುದೂ ಅದೇ ಸೆಕ್ಷನ್ನಿನಲ್ಲಿದೆ. ಸೆಕ್ಷನ್ 12ರ ಪ್ರಕಾರ ಜಾಮೀನೇ ನಿಯಮ, ನಿರಾಕರಣೆ ಅಪವಾದ. ತಪ್ಪೊಪ್ಪಿಗೆಯ ಮಾತು ಬರುವ ಮೊದಲು ಜಾಮೀನಿನ ದಾರಿ ಪೂರ್ತಿ ಮುಗಿದಿದೆಯೇ ಎಂದು ನೋಡುವುದು ವಕೀಲರ ಕೆಲಸ.

ಮೊದಲ ಭೇಟಿಯನ್ನು ಎಲ್ಲಿ, ಹೇಗೆ ನಡೆಸಬೇಕು?

ಮಗುವಿನೊಂದಿಗೆ ಮಾತು ಬೇರೆಯವರಿಗೆ ಕೇಳಿಸಬಾರದು, ಆದರೆ ಭೇಟಿ ಬೇರೆಯವರ ಕಣ್ಣಿಗೆ ಕಾಣುವಂತಿರಬೇಕು. ಕದ ಮುಚ್ಚಿದ ಚೇಂಬರಿನಲ್ಲಿ ಮಗುವೊಂದನ್ನೇ ಕೂರಿಸಿಕೊಳ್ಳುವುದು ಮಗುವಿಗೂ ನಿಮಗೂ ಹಿತವಲ್ಲ. ಗಾಜಿನ ಬಾಗಿಲಿನ ಕೋಣೆಯಾದರೂ ಸರಿ, ಅರ್ಧ ತೆರೆದ ಬಾಗಿಲಾದರೂ ಸರಿ. ಮಗು ಬಯಸಿದರೆ ಬೆಂಬಲ ವ್ಯಕ್ತಿ (ಪ್ರಕರಣದುದ್ದಕ್ಕೂ ಮಗುವಿಗೆ ನೆರವಾಗಲು ನೇಮಿಸಿದವರು) ಜೊತೆಗಿರಲಿ. ಪೋಷಕರ ಜೊತೆ ಮಾತನಾಡಿದ ಮೇಲೆ ಸ್ವಲ್ಪ ಹೊತ್ತಾದರೂ ಮಗುವಿನ ಜೊತೆ ಪ್ರತ್ಯೇಕವಾಗಿ ಮಾತನಾಡಲೇಬೇಕು. ಅದಕ್ಕೆ ಅಡ್ಡಿಪಡಿಸುವ ಪೋಷಕರಿದ್ದರೆ ಆ ಅಡ್ಡಿಯನ್ನೇ ಒಂದು ಮಾಹಿತಿಯೆಂದು ಗಮನಿಸಿಕೊಳ್ಳಿ.

ಬೆಂಗಳೂರಿನಲ್ಲಿ ಭಾಷೆಯ ವಿಷಯಕ್ಕೆ ಹೆಚ್ಚಿನ ಗಮನ ಬೇಕು. ಕಟ್ಟಡದ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ತೆಲುಗು, ತಮಿಳು, ಹಿಂದಿ, ಬಂಗಾಳಿ ಅಥವಾ ಉತ್ತರ ಕರ್ನಾಟಕದ ಕನ್ನಡ ಮಾತನಾಡುತ್ತಾರೆ. ಪಕ್ಕದ ಶೆಡ್ಡಿನವರನ್ನೋ ಮೇಸ್ತ್ರಿಯನ್ನೋ ದುಭಾಷಿಯಾಗಿ ಕೂರಿಸಿಕೊಳ್ಳುವುದು ಸುಲಭ, ಆದರೆ ಮಗು ಹೆದರುವುದು ಅವರಿಗೇ ಆಗಿರಬಹುದು. ಪೋಕ್ಸೋ ಕಾಯ್ದೆಯ ಸೆಕ್ಷನ್ 38 ಅರ್ಹ ಅನುವಾದಕರ ಅಥವಾ ದುಭಾಷಿಯ ನೆರವಿಗೆ ಅವಕಾಶ ಕೊಡುತ್ತದೆ. ಅದನ್ನು ಕೇಳಿ ಪಡೆಯಬೇಕು.

'ನೀನು ಹೇಳಿದ್ದನ್ನು ಯಾರಿಗೂ ಹೇಳುವುದಿಲ್ಲ' ಎಂದು ಮಗುವಿಗೆ ಮಾತು ಕೊಡಬಹುದೇ?

ಹಾಗೆ ಪೂರ್ಣವಾಗಿ ಮಾತು ಕೊಡಬಾರದು. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 132 ಕಕ್ಷಿದಾರರು ವಕೀಲರಿಗೆ ಹೇಳಿದ್ದಕ್ಕೆ ರಕ್ಷಣೆ ಕೊಡುತ್ತದೆ, ಮತ್ತು ಕಕ್ಷಿದಾರ ಮಗುವಾದ ಮಾತ್ರಕ್ಕೆ ಆ ರಕ್ಷಣೆ ಕಡಿಮೆಯಾಗುವುದಿಲ್ಲ. ಆದರೆ ಪೋಕ್ಸೋ ಕಾಯ್ದೆಯ ಸೆಕ್ಷನ್ 19, ಅಪರಾಧ ನಡೆದಿದೆಯೆಂದು ತಿಳಿದಿರುವ ಅಥವಾ ನಡೆಯಬಹುದೆಂಬ ಆತಂಕವಿರುವ 'ಯಾವುದೇ ವ್ಯಕ್ತಿ' ಪೊಲೀಸರಿಗೆ ಮಾಹಿತಿ ಕೊಡಬೇಕೆಂದು ವಿಧಿಸುತ್ತದೆ. ಕೊಡದಿದ್ದರೆ ಸೆಕ್ಷನ್ 21ರ ಅಡಿ ಆರು ತಿಂಗಳವರೆಗೆ ಸೆರೆವಾಸ, ದಂಡ ಅಥವಾ ಎರಡೂ ಆಗಬಹುದು. ವಕೀಲರಿಗೆ ಕಾಯ್ದೆಯಲ್ಲಿ ವಿನಾಯಿತಿ ಹೇಳಿಲ್ಲ. ಗರ್ಭಪಾತಕ್ಕೆ ಬರುವ ಅಪ್ರಾಪ್ತೆಯ ಗುರುತನ್ನು ಆಕೆ ಮತ್ತು ಪೋಷಕರು ಕೋರಿದಾಗ ವೈದ್ಯರು ಬಹಿರಂಗಪಡಿಸಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲಿ ಹೇಳಿದ್ದು ವೈದ್ಯರಿಗೆ ಸಂಬಂಧಿಸಿದ ಮಾತು. ಅದನ್ನು ನಮ್ಮ ವೃತ್ತಿಗೆ ಎಳೆದುಕೊಳ್ಳುವಂತಿಲ್ಲ.

ಎರಡು ಸಂದರ್ಭಗಳನ್ನು ಬೇರ್ಪಡಿಸಿ ನೋಡಬೇಕು. ಆರೋಪ ಹೊತ್ತವರು ಈಗಾಗಲೇ ದಾಖಲಾದ ಪ್ರಕರಣದ ಬಗ್ಗೆ ತಮ್ಮ ವಕೀಲರಿಗೆ ಹೇಳಿದ್ದು ಗೌಪ್ಯತೆಯ ತಿರುಳು. ಅದನ್ನು ಮುರಿದರೆ ಪ್ರತಿವಾದದ ಹಕ್ಕೇ ಉಳಿಯುವುದಿಲ್ಲ. ಜೀವನಾಂಶದ ಅಥವಾ ಶಾಲೆಯ ವಿಷಯಕ್ಕೆ ಬಂದ ಮಗು ತನಗೆ ಮನೆಯಲ್ಲಿ ಈಗಲೂ ಆಗುತ್ತಿರುವುದನ್ನು ಹೇಳಿಕೊಳ್ಳುವುದು ಬೇರೆ ಮಾತು. ಅಲ್ಲಿ ಮಗುವಿನ ಸುರಕ್ಷತೆಯೇ ಮುಂದಾಗಿ, ಮಾಹಿತಿ ಕೊಡಬೇಕೆಂಬುದು ನನ್ನ ಅಭಿಪ್ರಾಯ. ಪ್ರಾಮಾಣಿಕವಾಗಿ ಮಾಹಿತಿ ಕೊಟ್ಟವರಿಗೆ ಸೆಕ್ಷನ್ 19ರಲ್ಲೇ ರಕ್ಷಣೆಯಿದೆ. ಆದರೆ ಮಗುವಿನ ಬೆನ್ನ ಹಿಂದೆ ಹಾಗೆ ಮಾಡಬಾರದು. ಮಾತು ಶುರುವಾಗುವ ಮೊದಲೇ, 'ನೀನು ಹೇಳಿದ್ದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆದರೆ ನಿನಗೆ ಯಾರಾದರೂ ತೊಂದರೆ ಕೊಡುತ್ತಿದ್ದಾರೆಂದು ಗೊತ್ತಾದರೆ ಅದನ್ನು ನಿಲ್ಲಿಸುವವರಿಗೆ ಹೇಳಬೇಕಾಗುತ್ತದೆ, ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ' ಎಂದು ಸರಳವಾಗಿ ಹೇಳಿಬಿಡಿ. ಇಷ್ಟು ಕೇಳಿದ ಮೇಲೆ ಮಗು ಸುಮ್ಮನಾದರೆ ಆ ಮೌನವನ್ನೂ ಗೌರವಿಸಬೇಕು.

ಮನೋವೈದ್ಯರ ಭೇಟಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಹದಿನಾರು ದಾಟಿದ ಮಗುವಿನ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 15ರ ಪ್ರಕಾರ, ಮಗುವನ್ನು ವಯಸ್ಕರಂತೆ ವಿಚಾರಿಸಬೇಕೇ ಎಂದು ನೋಡುವ ಪ್ರಾಥಮಿಕ ಮೌಲ್ಯಮಾಪನ ನಡೆಯುತ್ತದೆ. ಅದನ್ನು ಮಗುವನ್ನು ಮೊದಲು ಹಾಜರುಪಡಿಸಿದ ದಿನದಿಂದ ಮೂರು ತಿಂಗಳೊಳಗೆ ಮುಗಿಸಬೇಕು. ಮಂಡಳಿಯಲ್ಲಿ ಮನಶ್ಶಾಸ್ತ್ರ ಬಲ್ಲ ಸದಸ್ಯರಿಲ್ಲದಿದ್ದರೆ ತಜ್ಞರ ನೆರವು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ನಿಮ್ಹಾನ್ಸ್‌ನಂಥ ಸಂಸ್ಥೆ ಇರುವ ಊರಿನಲ್ಲಿ ತಜ್ಞರು ಸಿಗುವುದಿಲ್ಲವೆಂಬ ನೆಪ ಹೇಳುವುದು ಕಷ್ಟ. ಆದರೆ ಆ ತಜ್ಞರೊಂದಿಗಿನ ಮಾತು ವಕೀಲರೊಂದಿಗಿನ ಮಾತಿನಂತಲ್ಲ, ಅವರ ವರದಿ ಮಂಡಳಿಯ ಮುಂದೆ ಹೋಗುತ್ತದೆ ಎಂಬುದನ್ನು ಮಗುವಿಗೆ ಮೊದಲೇ ತಿಳಿಸಿರಬೇಕು. ಮೌಲ್ಯಮಾಪನ ವಿಚಾರಣೆಯಲ್ಲವೆಂದು ಕಾಯ್ದೆಯೇ ಹೇಳುವಾಗ, ಘಟನೆಯ ವಿವರವನ್ನೆಲ್ಲ ಅಲ್ಲಿ ಬಿಡಿಸಿಡಲು ಮಗು ಬದ್ಧವಲ್ಲ ಎಂಬುದನ್ನೂ ವಿವರಿಸಿ.

ಸಾಕ್ಷಿ ಹೇಳಲಿರುವ ಮಗುವನ್ನು ಎಷ್ಟರಮಟ್ಟಿಗೆ ಸಿದ್ಧಪಡಿಸಬಹುದು?

ನ್ಯಾಯಾಲಯದ ಕೋಣೆಯನ್ನು ಮುಂಚಿತವಾಗಿ ತೋರಿಸುವುದು, ಯಾರು ಎಲ್ಲಿ ಕೂರುತ್ತಾರೆಂದು ಹೇಳುವುದು, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದು, ನೀರು ಬೇಕಾದರೆ ಕೇಳಬಹುದು ಎಂದು ಧೈರ್ಯ ತುಂಬುವುದು, ಇವೆಲ್ಲ ಸಿದ್ಧತೆ. ಏನು ಹೇಳಬೇಕೆಂದು ಹೇಳಿಕೊಡುವುದು ಪಾಠ ಮಾಡಿಸುವುದು. ಅದು ವೃತ್ತಿದೋಷ ಮಾತ್ರವಲ್ಲ, ನಿಜ ಹೇಳುತ್ತಿರುವ ಮಗುವಿನ ಸಾಕ್ಷ್ಯವನ್ನೂ ಕೆಡಿಸುತ್ತದೆ; ಏಕೆಂದರೆ ಮಗುವಿನ ಸಾಕ್ಷ್ಯವನ್ನು ತೂಗುವಾಗ ನ್ಯಾಯಾಲಯಗಳು ಮೊದಲು ಹುಡುಕುವುದು ಹೇಳಿಕೊಟ್ಟ ಮಾತಿನ ಗುರುತನ್ನೇ.

ದಾಖಲಾತಿಯ ಬಗ್ಗೆ ಒಂದು ಮಾತು. ಮಗು ತನ್ನ ಮನೆಮಾತಿನಲ್ಲಿ ಹೇಳಿದ್ದು ಬೆರಳಚ್ಚಾಗುವಾಗ ದೊಡ್ಡವರ ಕಾನೂನು ಭಾಷೆಯಾಗಿ ಬದಲಾಗುತ್ತದೆ. ಮುಂದೆ ಪಾಟಿಸವಾಲಿನಲ್ಲಿ ಆ ಶಬ್ದದ ಅರ್ಥವನ್ನೇ ಕೇಳಿದರೆ ಮಗು ತಬ್ಬಿಬ್ಬಾಗುತ್ತದೆ. ಮಗುವಿನ ಮಾತು ಮಗುವಿನ ಮಾತಿನಲ್ಲೇ ದಾಖಲಾಗಲಿ ಎಂದು ಆಗಲೇ ವಿನಂತಿಸಿಕೊಳ್ಳಬೇಕು. ತಲೆಯಾಡಿಸಿದ್ದನ್ನು ಒಪ್ಪಿಗೆಯೆಂದು ಬರೆಸಿಕೊಳ್ಳುವುದನ್ನೂ ತಡೆಯಬೇಕು.

ನಾನು ಆರೋಪಿಯ ಪರ ವಕೀಲ. ಮಗುವಿಗೆ ಪಾಟಿಸವಾಲು ಹಾಕುವಾಗ ನನ್ನ ಮಿತಿ ಏನು?

ಆರೋಪಿಯ ಪರ ನಿರ್ಭೀತಿಯಿಂದ ವಾದಿಸುವುದು ನಿಮ್ಮ ಕರ್ತವ್ಯ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಪೋಕ್ಸೋದಲ್ಲಿ ಆರೋಪಿಯ ವಿರುದ್ಧ ಕಾನೂನೇ ಪೂರ್ವಭಾವನೆಯನ್ನು ಕಟ್ಟಿಕೊಟ್ಟಿರುವಾಗ ಪಾಟಿಸವಾಲಿನ ಮಹತ್ವ ಇನ್ನೂ ಹೆಚ್ಚು. ಆದರೆ ಸೆಕ್ಷನ್ 33ರ ಪ್ರಕಾರ ಪ್ರಶ್ನೆಗಳನ್ನು ನೀವು ನೇರವಾಗಿ ಮಗುವಿಗೆ ಕೇಳುವಂತಿಲ್ಲ. ನ್ಯಾಯಾಲಯಕ್ಕೆ ತಿಳಿಸಬೇಕು, ನ್ಯಾಯಾಲಯ ಮಗುವನ್ನು ಕೇಳುತ್ತದೆ. ಸರ್ಕಾರಿ ಅಭಿಯೋಜಕರಿಗೂ ಇದೇ ನಿಯಮ. ಆಕ್ರಮಣಕಾರಿ ಪ್ರಶ್ನೆ ಮತ್ತು ಚಾರಿತ್ರ್ಯವಧೆಗೆ ಅವಕಾಶವಿಲ್ಲ. ಸಾಕ್ಷಿ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕೆಂದು ಸೆಕ್ಷನ್ 36 ಹೇಳುತ್ತದೆ.

ಕಾಯ್ದೆಯಲ್ಲಿ ಬರೆಯದ ಕೆಲವು ತಂತ್ರಗಳೂ ಇವೆ. ಮಗು ಬಂದು ಕಾದು ಕುಳಿತ ದಿನವೇ ಮುಂದೂಡಿಕೆ ಕೇಳುವುದು, ಹಸಿವಾಗುವ ಹೊತ್ತಿನವರೆಗೆ ಎಳೆಯುವುದು, ಎರಡು ನಿರಾಕರಣೆಗಳಿರುವ ಪ್ರಶ್ನೆಗೆ 'ಹೌದು' ಅನ್ನಿಸುವುದು. ಇವುಗಳಿಂದ ಹೊರಬರುವುದು ಸತ್ಯವಲ್ಲ, ದಣಿವು. ದಿನಾಂಕ, ಸ್ಥಳ, ಯಾರು ಹೇಳಿಕೊಟ್ಟರು ಎಂಬುದರ ಬಗ್ಗೆ ಚಿಕ್ಕ ಚಿಕ್ಕ ಪ್ರಶ್ನೆ ಕೇಳಿಯೇ ಸುಳ್ಳು ಪ್ರಕರಣವನ್ನು ಬಯಲಿಗೆಳೆಯಬಹುದು. ನ್ಯಾಯಾಲಯ ಅಪರಾಧವನ್ನು ವಿಚಾರಣೆಗೆ ಪರಿಗಣಿಸಿದ (ಸಂಜ್ಞಾನ ತೆಗೆದುಕೊಂಡ) ಮೂವತ್ತು ದಿನಗಳಲ್ಲಿ ಮಗುವಿನ ಸಾಕ್ಷ್ಯ ದಾಖಲಾಗಬೇಕೆಂಬ ಸೆಕ್ಷನ್ 35ರ ಗುರಿ ತಪ್ಪುವುದಕ್ಕೆ ಎರಡೂ ಕಡೆಯ ವಕೀಲರ ಪಾಲಿದೆ.

ಎರಡೂ ಕುಟುಂಬಗಳು ರಾಜಿಗೆ ಒಪ್ಪಿವೆ. ಮಗುವಿನ ಹೇಳಿಕೆ ಬದಲಿಸಲು ನೆರವಾಗಬಹುದೇ?

ಸಾಧ್ಯವಿಲ್ಲ. ಪೋಷಕರ ರಾಜಿಯ ಆಧಾರದ ಮೇಲೆ ರದ್ದಾಗಿದ್ದ ಪೋಕ್ಸೋ ಪ್ರಕರಣವೊಂದನ್ನು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಮತ್ತೆ ಜೀವಂತಗೊಳಿಸಿತು. ಹಣ ಕೊಟ್ಟು ಮಗುವಿನ ಮಾತು ತಿರುಗಿಸುವ ಮಾತುಕತೆ ನಿಮ್ಮ ಚೇಂಬರಿನಲ್ಲಿ ನಡೆದರೆ ಅದಕ್ಕೆ ಗೌಪ್ಯತೆಯ ರಕ್ಷಣೆಯೂ ಇರುವುದಿಲ್ಲ, ಏಕೆಂದರೆ ಕಾನೂನುಬಾಹಿರ ಉದ್ದೇಶಕ್ಕಾಗಿ ಆಡಿದ ಮಾತುಗಳು ಸಾಕ್ಷ್ಯ ಅಧಿನಿಯಮದ ಸೆಕ್ಷನ್ 132ರ ಹೊರಗೆ ಉಳಿಯುತ್ತವೆ.

ವಯಸ್ಸಿನ ದಾಖಲೆಯ ಬಗ್ಗೆ ಅನುಮಾನವಿದ್ದರೆ?

ಬಾಲನ್ಯಾಯ ಕಾಯ್ದೆಯ ಸೆಕ್ಷನ್ 94 ಹೇಳುವ ಕ್ರಮ ಹೀಗಿದೆ: ಮೊದಲು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಾಲಿಕೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆ. ನಮ್ಮಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದ ಜನ್ಮದಿನವೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೂ ಬರುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಂಥ ದಾಖಲೆಯನ್ನು ಕಾನೂನು ಒಪ್ಪುವಷ್ಟು ದಿನ ನೀವೂ ಅದನ್ನು ಆಧರಿಸಬಹುದು. ಹೊಸದಾಗಿ ಸೃಷ್ಟಿಸಿದ ಪ್ರಮಾಣಪತ್ರವೆಂದು ಗೊತ್ತಿದ್ದೂ ಹಾಜರುಪಡಿಸುವುದು ಬೇರೆ. ಅದರಲ್ಲಿ ನೀವೂ ಪಾಲುದಾರರಾಗುತ್ತೀರಿ. ಇನ್ನು ಹತ್ತೊಂಬತ್ತು ಎಂದು ಬರೆಸಿ ಪರಪ್ಪನ ಅಗ್ರಹಾರಕ್ಕೆ ಕಳುಹಿಸಲಾದ ಹುಡುಗನನ್ನು ಕಂಡಾಗ ಯಾವ ಶಾಲೆಯಲ್ಲಿ ಓದಿದೆ, ಯಾವ ವರ್ಷ ಬಿಟ್ಟೆ ಎಂದು ಕೇಳದ ವಕೀಲರು ಕರ್ತವ್ಯದಲ್ಲಿ ತಪ್ಪಿದಂತೆಯೇ. ಅಪ್ರಾಪ್ತತೆಯ ಹಕ್ಕನ್ನು ಯಾವ ಹಂತದಲ್ಲಿ ಬೇಕಾದರೂ, ಪ್ರಕರಣ ಅಂತಿಮವಾಗಿ ತೀರ್ಮಾನವಾದ ಮೇಲೂ, ಎತ್ತಬಹುದೆಂದು ಸೆಕ್ಷನ್ 9 ಹೇಳುತ್ತದೆ.

ವಿಚ್ಛೇದನದ ಪ್ರಕರಣದಲ್ಲಿ ಕಕ್ಷಿದಾರರು ತಂದೆ ಅಥವಾ ತಾಯಿ. ಅಲ್ಲಿಯೂ ಮಗುವಿನ ಬಗ್ಗೆ ನನಗೆ ಕರ್ತವ್ಯವಿದೆಯೇ?

ಇದೆ, ಆದರೆ ಅದು ಮಗುವಿನ ವಕೀಲರ ಕರ್ತವ್ಯದಂಥದ್ದಲ್ಲ. ನೀವು ತಾಯಿಯ ವಕೀಲರಾಗಿದ್ದರೆ ತಾಯಿಯ ಪರವೇ ವಾದಿಸಬೇಕು. ಆದರೆ ಮಗುವನ್ನು ಚೇಂಬರಿಗೆ ಕರೆಸಿ 'ಅಪ್ಪನ ಬಗ್ಗೆ ಜಡ್ಜ್ ಸಾಹೇಬರಿಗೆ ಹೀಗೆ ಹೇಳು' ಎನ್ನುವುದು ಸಲ್ಲದು. ಕಕ್ಷಿದಾರರ ಅನುಚಿತ ನಡೆಯನ್ನು ತಡೆಯಲು ವಕೀಲರು ಯತ್ನಿಸಬೇಕೆಂದು ಪರಿಷತ್ತಿನ ನಿಯಮ ಹೇಳುವುದು ಇಂಥ ಕಡೆಗೇ ಅನ್ವಯಿಸುತ್ತದೆ. ಅಭಿರಕ್ಷೆಯ (ಮಗು ಯಾರ ಬಳಿ ಇರಬೇಕೆಂಬ) ಜಗಳದಲ್ಲಿ ಮೇಲುಗೈ ಪಡೆಯಲು ಪೋಕ್ಸೋ ದೂರು ಕೊಡಿಸೋಣವೇ ಎಂದು ಕಕ್ಷಿದಾರರು ಕೇಳಿದರೆ ಸೆಕ್ಷನ್ 22ನ್ನು ಓದಿ ಹೇಳಿ: ದುರುದ್ದೇಶದ ಸುಳ್ಳು ದೂರಿಗೆ ಶಿಕ್ಷೆಯಿದೆ. ಹಾಗೆಂದು ಅಭಿರಕ್ಷೆಯ ಪ್ರಕರಣದ ನಡುವೆ ಬಂದ ಪ್ರತಿಯೊಂದು ದೂರನ್ನೂ ಸುಳ್ಳೆಂದು ಭಾವಿಸುವ ಅಭ್ಯಾಸವೂ ಅಷ್ಟೇ ಅಪಾಯಕಾರಿ. ಮಕ್ಕಳು ಬಾಯಿಬಿಡುವುದು ಬಹಳ ಸಲ ಆ ಮನೆಯಿಂದ ಹೊರಬಂದ ಮೇಲೆಯೇ.

ಪ್ರಕರಣದ ವಿವರವನ್ನು ವಾಟ್ಸಾಪ್ ಗುಂಪಿನಲ್ಲಿ ಸಹವಕೀಲರ ಜೊತೆ ಚರ್ಚಿಸಬಹುದೇ?

ಕಾನೂನಿನ ಪ್ರಶ್ನೆಯನ್ನು ಚರ್ಚಿಸಬಹುದು, ಮಗುವನ್ನು ಗುರುತಿಸಬಹುದಾದ ಯಾವುದನ್ನೂ ಹಾಕಬಾರದು. ಹೆಸರು ಅಳಿಸಿದರೆ ಸಾಲದು. ಶಾಲೆ, ಬಡಾವಣೆ, ತಂದೆಯ ಉದ್ಯೋಗ ಈ ಮೂರು ಸೇರಿದರೆ ಓಣಿಯವರಿಗೆ ಮಗು ಯಾರೆಂದು ಗೊತ್ತಾಗುತ್ತದೆ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74ರ ಅಡಿ ಗುರುತು ಬಹಿರಂಗಕ್ಕೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ದೋಷಾರೋಪ ಪಟ್ಟಿಯ ಫೋಟೋ ತೆಗೆದು ಟೈಪಿಸ್ಟಿಗೆ ಕಳುಹಿಸುವ ದಿನನಿತ್ಯದ ರೂಢಿಯಲ್ಲೂ ಈ ಅಪಾಯವಿದೆ. ಪತ್ರಕರ್ತರು ಪಡಸಾಲೆಯಲ್ಲಿ ನಿಲ್ಲಿಸಿ ಕೇಳಿದರೆ ಉತ್ತರಿಸದೆ ಹೋಗುವುದು ಅಸಭ್ಯವೇನಲ್ಲ.

ಶುಲ್ಕ ಮತ್ತು ಪರಿಹಾರದ ಹಣದ ವಿಷಯದಲ್ಲಿ ಏನು ಎಚ್ಚರ ಬೇಕು?

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಸೆಕ್ಷನ್ 12ರ ಪ್ರಕಾರ ಪ್ರತಿ ಮಗುವೂ ಉಚಿತ ಕಾನೂನು ಸೇವೆಗೆ ಅರ್ಹ. ಸಾಲ ಮಾಡಿ ಶುಲ್ಕ ತರುವ ಪೋಷಕರಿಗೆ ಇದನ್ನು ತಿಳಿಸದಿರುವುದು ಸರಿಯಲ್ಲ. ರಾಜ್ಯ ಪ್ರಾಧಿಕಾರದ ಕಚೇರಿ ಇರುವುದು ನ್ಯಾಯದೇಗುಲದಲ್ಲೇ. ಅಪಘಾತದ ಪರಿಹಾರದಲ್ಲಿ ಇಷ್ಟು ಪಾಲು ಎಂದು ಮಾತಾಡಿಕೊಳ್ಳುವುದನ್ನು ಪರಿಷತ್ತಿನ ನಿಯಮಗಳು ನಿಷೇಧಿಸಿವೆ, ಮತ್ತು ಅಪ್ರಾಪ್ತರ ಹೆಸರಿನ ಠೇವಣಿಯನ್ನು ಅವಧಿಗೆ ಮುನ್ನ ಬಿಡಿಸಲು ಅರ್ಜಿ ಹಾಕುವಾಗ ಹಣ ಮಗುವಿನ ಯಾವ ಅಗತ್ಯಕ್ಕೆಂಬುದನ್ನು ನೀವೇ ಮೊದಲು ಕೇಳಿ ತಿಳಿಯಬೇಕು.

ಮಗುವನ್ನು ನೇರವಾಗಿ ಕೊಟ್ಟು ತೆಗೆದುಕೊಳ್ಳುವ ದತ್ತುಪತ್ರ ಬರೆದುಕೊಡಲು ಕೇಳಿದರೆ?

ಹಣದ ಮಾತು ಸುಳಿದರೆ ಅಲ್ಲಿಗೇ ನಿಲ್ಲಿಸಿ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ ಸೆಕ್ಷನ್ 17 ದತ್ತಿಗಾಗಿ ಹಣ ಕೊಡುವುದನ್ನೂ ಪಡೆಯುವುದನ್ನೂ ನಿಷೇಧಿಸುತ್ತದೆ. ಬಾಲನ್ಯಾಯ ಕಾಯ್ದೆಯ ಸೆಕ್ಷನ್ 81ರಲ್ಲಿ ಮಕ್ಕಳ ಮಾರಾಟಕ್ಕೆ ಐದು ವರ್ಷಗಳವರೆಗೆ ಕಠಿಣ ಸೆರೆವಾಸವಿದೆ. ಆಸ್ಪತ್ರೆಯಲ್ಲಿ ಬಿಟ್ಟುಹೋದ ಮಗುವೆಂದು ಯಾರಾದರೂ ಹೇಳಿದರೆ ಆ ಮಗು ಹೋಗಬೇಕಾದದ್ದು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ.

ಪ್ರಕರಣ ಮುಗಿದ ಮೇಲೆ ಅಥವಾ ನಡುವೆ ಹಿಂದೆ ಸರಿಯಬೇಕಾದಾಗ ಏನು ಮಾಡಬೇಕು?

ಸಾಕಷ್ಟು ಕಾರಣವಿಲ್ಲದೆ, ಮುಂಚಿತವಾಗಿ ತಿಳಿಸದೆ ವಕಾಲತ್ತಿನಿಂದ ಸರಿಯಬಾರದೆಂಬ ನಿಯಮ ಎಲ್ಲ ಕಕ್ಷಿದಾರರಿಗೂ ಒಂದೇ. ಮಗುವಿನ ವಿಷಯದಲ್ಲಿ ಪೋಷಕರಿಗೆ ನೋಟಿಸ್ ಕೊಟ್ಟು ಸುಮ್ಮನಾಗದೆ, ಮಗುವಿಗೂ ಎದುರು ಕೂತು ಹೇಳಬೇಕು ಮತ್ತು ಹೊಸ ವಕೀಲರಿಗೆ ಕಡತ ಒಪ್ಪಿಸುವಾಗ ಮಗು ಮತ್ತೆ ಮೊದಲಿನಿಂದ ಎಲ್ಲವನ್ನೂ ಹೇಳಬೇಕಾಗದಷ್ಟು ಟಿಪ್ಪಣಿ ಕೊಡಬೇಕು. ಬಾಲನ್ಯಾಯ ಮಂಡಳಿಯ ಪ್ರಕರಣ ಮುಗಿದರೆ ಸೆಕ್ಷನ್ 24ರ ಪ್ರಕಾರ, ಕೆಲವು ಘೋರ ಅಪರಾಧಗಳನ್ನು ಬಿಟ್ಟು, ಮೇಲ್ಮನವಿಯ ಅವಧಿ ಕಳೆದ ಮೇಲೆ ದಾಖಲೆಗಳನ್ನು ನಾಶಪಡಿಸಬೇಕು ಮತ್ತು ಆ ಪ್ರಕರಣದಿಂದ ಮಗುವಿಗೆ ಯಾವ ಅನರ್ಹತೆಯೂ ಅಂಟಬಾರದು. ಸರ್ಕಾರಿ ದಾಖಲೆ ಹೋದರೂ ಚೇಂಬರಿನ ಕಪಾಟಿನಲ್ಲಿ, ಹಳೆಯ ಕಂಪ್ಯೂಟರಿನಲ್ಲಿ, ಗುಮಾಸ್ತರ ಫೋನಿನಲ್ಲಿ ಪ್ರತಿಗಳು ಉಳಿದಿರುತ್ತವೆ. ಮುಂದೊಂದು ದಿನ ಪೊಲೀಸ್ ಪರಿಶೀಲನೆಗೋ ಪಾಸ್‌ಪೋರ್ಟಿಗೋ ಅರ್ಜಿ ಹಾಕುವ ಯುವಕನ ಹೆಸರು ಅವುಗಳಲ್ಲಿರುವುದರಿಂದ, ಅವನ್ನು ಹುಡುಕಿ ತೆಗೆದುಹಾಕುವ ಹೊಣೆ ವಕೀಲರದೇ.